ತಾಯಿ ಕಕ್ಕಿದ ಬೆಳ್ಳಿ

ಬಹಳ ಹಿಂದೆ, ಕಡಲಂಚಿನ ಒಂದು ರಾಜ್ಯದಲ್ಲಿ ಶುಭ್ರಸೇನನೆಂಬ ರಾಜನಿದ್ದ. ತನ್ನ ಬಟ್ಟೆಗೆ ಬೆವರಿನ ವಾಸನೆ ಬರಬಾರದು ಎಂಬುದೇ ಅವನಿಗೆ ದೊಡ್ಡ ರಾಜಕಾರ್ಯ. ಹೊಳಪಯ್ಯನೆಂಬ ಮಾಂತ್ರಿಕ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು ಬಟ್ಟೆಗೆ ಹಚ್ಚಿಕೊಟ್ಟ. ವಾಸನೆ ಹೋಯಿತು. ಆಮೇಲೆ ಊರಿಗೆಲ್ಲ ಅದೇ ಬಟ್ಟೆ, ಒಗೆದ ನೀರೆಲ್ಲ ಕಡಲಿಗೆ.

ಆ ರಾಜ್ಯದಲ್ಲಿ ಕಡಲಲ್ಲಿ ಮುಳುಗಿದವರು ಸಾಯುತ್ತಿರಲಿಲ್ಲ. ತಳದ ಕೆಸರಿನಲ್ಲಿ ಚಿಪ್ಪಿಯೋ ಏಡಿಯೋ ಹುಳುವೋ ಆಗಿ ಬದುಕುತ್ತಿದ್ದರು. ಅವರ ಬೆನ್ನ ಮೇಲೆ ಕೆಂಪು ಗೆರೆ ಇರುತ್ತಿದ್ದುದರಿಂದ ಯಾರೂ ಹಿಡಿಯುತ್ತಿರಲಿಲ್ಲ. ಚಿಪ್ಪಿ ಆಯುವ ದುರ್ಗಿಯ ತಾಯಿಯೂ ಹಾಗೆ ದೊಡ್ಡ ಚಿಪ್ಪಿಯಾಗಿದ್ದಳು. ನೀರು ಇಳಿದಾಗಲೆಲ್ಲ ಮಗಳು ಹೋಗಿ ಮಾತಾಡಿಸುವಳು.

ಒಂದು ದಿನ ತಾಯಿ ಅರೆಬಾಯಿ ತೆರೆದಳು. "ಉಸಿರು ಕಟ್ತದೆ ಮಗಾ. ಕೆಸರಲ್ಲಿ ಏನೋ ಬಂದು ಕೂತಿದೆ. ಪಕ್ಕದ ಹುಳಗಳೆಲ್ಲ ಸತ್ತವು. ಮುಂದಿನ ಹುಣ್ಣಿಮೆ ನಾ ನೋಡೂದಿಲ್ಲ."

ದುರ್ಗಿ ಕೆಸರುಗಾಲಲ್ಲೇ ಅರಮನೆಗೆ ನುಗ್ಗಿ, "ಬೆಳ್ಳಿ ಬಟ್ಟೆ ಒಗೆದ ನೀರು ಬಂದ ಮೇಲೇ ಕಡಲ ತಳದವರು ಸಾಯ್ತಿದಾರೆ" ಎಂದಳು. ಹೊಳಪಯ್ಯ ನಕ್ಕ. "ಕಡಲಲ್ಲಿ ನನ್ನ ಬೆಳ್ಳಿ ಎಲ್ಲಿದೆ, ತೋರಿಸು. ತೋರಿಸಿದರೆ ಅಷ್ಟನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ." ಮಾಂತ್ರಿಕ ಆಡಿದ ಮಾತು ಅವನನ್ನೇ ಕಟ್ಟಿಹಾಕುತ್ತದೆ ಎಂಬುದನ್ನು ಸೊಕ್ಕಿನಲ್ಲಿ ಮರೆತಿದ್ದ.

ಮೊದಲು ದುರ್ಗಿ ಕಡಲ ನೀರು ತಂದು ಬಟ್ಟೆಯಲ್ಲಿ ಸೋಸಿದಳು. ಏನೂ ಸಿಗಲಿಲ್ಲ. ಆಮೇಲೆ ತಳದ ಕೆಸರು ತಂದು ಬೋಗುಣಿಯಲ್ಲಿ ತೊಳೆದಳು. ಏನೂ ಕಾಣಲಿಲ್ಲ.

"ನೀರು ತಿಳಿಯಾಗಿಯೇ ಇದೆಯಲ್ಲ" ಎಂದ ರಾಜ.

ತಿಳಿಯಂತೆ! ಮೇಲಿನ ನೀರು ನೋಡಿ ತಳದವರ ಕ್ಷೇಮ ಹೇಳುವ ದೊರೆ. ಇಂಥವನ ಕಣ್ಣಿಗಿಷ್ಟು ಬೆಂಕಿ ಬೀಳಲಿ.

ಚಿಪ್ಪಿ ಆಯುವವರು ಚಿಪ್ಪಿಯನ್ನು ತಂದ ಕೂಡಲೇ ಬೇಯಿಸುವುದಿಲ್ಲ. ಶುದ್ಧ ಉಪ್ಪುನೀರಿನಲ್ಲಿ ಬಿಡುತ್ತಾರೆ, ಒಳಗಿನ ಕೆಸರನ್ನು ಅವೇ ಕಕ್ಕುತ್ತವೆ. ದುರ್ಗಿಗೆ ಅದು ನೆನಪಾಗಿ ತಾಯಿಯ ಬಳಿಗೆ ಓಡಿದಳು.

"ಕಕ್ಕುವಾಗ ನಿನ್ನ ಜೀವ ಹೋದ್ರೆ ಅಬ್ಬೆ?"

"ಇಲ್ಲಿದ್ರೂ ಹೋಗ್ತದೆ. ಎತ್ತು ನನ್ನ."

ಅರಮನೆಯ ಬಾವಿನೀರಿಗೆ ಉಪ್ಪು ಬೆರೆಸಿ, ತುಂಬಿದ ಸಭೆಯಲ್ಲಿ ತಾಯಿಯನ್ನು ಅದರಲ್ಲಿ ಇಟ್ಟಳು. ತಾಯಿ ಒಮ್ಮೆ ಕೆಸರು ಕಕ್ಕಿದಳು. ಇನ್ನೊಮ್ಮೆ ಪಿತ್ತ ಕಕ್ಕಿದಳು. ಮೂರನೆಯ ಸಲ ಚಿಪ್ಪು ನಡುಗಿ ಬೆಳ್ಳಿ ಬಂತು. ಬೋಗುಣಿಯ ತಳವೆಲ್ಲ ಮಿನುಗಿತು.

"ಇಕ್ಕಾ, ನಿನ್ನ ಬೆಳ್ಳಿ" ಎಂದಳು ದುರ್ಗಿ.

ಆಡಿದ ಮಾತು ಮಾಂತ್ರಿಕನನ್ನು ಹಿಡಿಯಿತು. ಬೋಗುಣಿಯ ಬೆಳ್ಳಿ, ಕಡಲ ತಳದ ಬೆಳ್ಳಿ, ರಾಜನ ಅಂಗಿಯ ಬೆಳ್ಳಿ ಎಲ್ಲವೂ ಹರಿದು ಬಂದು ಅವನ ಮೂಗು ಬಾಯಿ ಹೊಕ್ಕವು.

"ಉಸಿರು ಕಟ್ಟುತ್ತಿದೆ" ಎಂದ.

"ಹೌದು, ಹಾಗೇ ಆಗ್ತದೆ" ಎಂದಳು ದುರ್ಗಿ.

ಅವನು ನಿಂತಲ್ಲೇ ಬೆಳ್ಳಿಯ ಬೊಂಬೆಯಾದ. ಸತ್ತ ಹುಳಗಳು ಮರಳಲಿಲ್ಲ, ಆ ಸಿಟ್ಟು ದುರ್ಗಿಗೆ ಕೊನೆಯವರೆಗೂ ಹೋಗಲಿಲ್ಲ. ಆದರೆ ತಾಯಿ ಬದುಕಿದಳು, ಉಳಿದವರಿಗೆಲ್ಲ ಉಸಿರು ಬಂತು. ರಾಜ ಅಂಟುವಾಳ ಹಚ್ಚಿ ತನ್ನ ಬಟ್ಟೆ ತಾನೇ ಒಗೆಯಬೇಕಾಯಿತು. ಕಡಲ ತಳದಲ್ಲಿ ಎಲ್ಲರೂ ಸುಖವಾಗಿದ್ದರು. ಅರಮನೆಯಲ್ಲಿ ಸ್ವಲ್ಪ ಬೆವರಿನ ವಾಸನೆ ಇತ್ತು, ಅಷ್ಟೇ.