ಕಾಯಿನ್ ಬಾಕ್ಸಿನ ಮೂಕ ಕರೆಗಳು

ಹಾಜರಿ ಕೂಗಿದಾಗ ‘ಸರ್’ ಎನ್ನುವುದೊಂದನ್ನು ಬಿಟ್ಟರೆ ಇಡೀ ದಿನ ತನ್ನ ದನಿ ಹೊರಬೀಳುವುದೇ ಇಲ್ಲವಲ್ಲ, ಹೀಗೇ ಆದರೆ ಮಾತೇ ಮರೆತುಹೋದೀತೇ ಎಂದು ಕಾನ್‌ಸ್ಟೇಬಲ್ ಚಿನ್ಮಯೀ ತನ್ನಷ್ಟಕ್ಕೇ ಅಂಜುತ್ತ ಕೂತಿದ್ದಳು. ಆಗ ಹೆಬ್ಬಳ್ಳಿಯ ಬಾಳವ್ವ ಧಾರವಾಡದ ಠಾಣೆಯ ಮೆಟ್ಟಿಲು ಹತ್ತಿದಳು. ಅಂದು 2005ರ ಜೂನ್ 8.

“ಮನಿಗೆ ಫೋನ್ ಬರ್ತದರಿ. ಉಸರಾಡೂದಷ್ಟ ಕೇಳ್ತದ. ಸೊಲ್ಲಾಪುರದಾಗಿನ ಮಗಳ ಇರಬೇಕು, ಅತ್ತಿ ಮನ್ಯಾಗ ಬಾಯಿ ಬಿಡಾಕ ಆಗವಲ್ದು ಅಂತ ಅಲ್ಲಿಗೇ ಹೋಗಿ ಜಗಳಾ ತಗದು ಬಂದೆ. ಆಕಿ ಫೋನ್ ಮಾಡೇ ಇಲ್ಲಂತ. ಈಗ ಬೀಗರು ಮಗಳನ್ನ ತವರಿಗೆ ಕಳಸವಲ್ಲರು.”

ಇನ್‌ಸ್ಪೆಕ್ಟರ್ ಮುರುಗೆಪ್ಪ ಎಫ್‌ಐಆರ್ ಬರೆಸಿದರು. ದೂರವಾಣಿ ಕಚೇರಿಯಿಂದ ಉತ್ತರ ಬಂತು: ಕರೆಗಳೆಲ್ಲ ಧಾರವಾಡದ ಒಂದೇ ಕಾಯಿನ್ ಬಾಕ್ಸಿನವು. ಅಲ್ಲಿಂದ ಇನ್ನೂ ಕೆಲವು ಮನೆಗಳಿಗೆ ದಿನಾ ಮಧ್ಯಾಹ್ನ ಕರೆ ಹೋಗಿದ್ದವು. ಚಿನ್ಮಯೀ ಆ ಮನೆಗಳಿಗೆಲ್ಲ ಹೋಗಿಬಂದಳು. ಫೋನ್ ಎತ್ತಿದವರು ತಾಯಂದಿರೇ. ಅವರ ಮಕ್ಕಳು ಹೊಸ ಮೊಬೈಲ್ ಕೊಂಡದ್ದು ಆ ಬಾಕ್ಸಿನ ಎದುರಿನ ಅಂಗಡಿಯಲ್ಲಿ. ಬೇಸಿಗೆಗೆ ಬಂದಿದ್ದ ಬಾಳವ್ವನ ಮಗಳೂ ಅಲ್ಲೇ.

“ಸಿಮ್‌ನ್ಯಾಗ ಹಿಡಿಲಾರದ ನಂಬರ್ ಹಳೇ ಫೋನ್ ನೋಡಿ ಹೊಸಾದಕ್ಕ ಕೈಲೇ ಒತ್ತಬೇಕರಿ,” ಎಂದ ಅಂಗಡಿಯ ಲಾಲಸಾಬ. “ನಮ್ಮಲ್ಲಿ ಕೆಲಸಕ್ಕಿರೂ ದ್ರಾಕ್ಷಾಯಿಣಿ ಒತ್ತತಾಳ. ಮಾತಿಲ್ಲ, ಕತಿ ಇಲ್ಲ. ಆಕಿಗಿಂತ ಈ ಫ್ಯಾನ್ ಹೆಚ್ಚು ಮಾತಾಡ್ತದ.”

ಮರುದಿನ ಮಧ್ಯಾಹ್ನ ಚಿನ್ಮಯೀ ಮಫ್ತಿಯಲ್ಲಿ ಬಾಕ್ಸಿನ ಬಳಿ ನಿಂತಳು. ದ್ರಾಕ್ಷಾಯಿಣಿ ಬಂದು ನಾಣ್ಯ ಹಾಕಿ, ರಿಸೀವರನ್ನು ಕಿವಿಗೊತ್ತಿ ಕಣ್ಣು ಮುಚ್ಚಿದಳು. ಅವಳು ರಿಸೀವರ್ ಇಟ್ಟೊಡನೆ, ಅಲ್ಲೇ ಮರೆಯಲ್ಲಿ ಕಾದಿದ್ದ ಮುರುಗೆಪ್ಪ ಬಂದು ಪಂಚರ ಎದುರು ರೀಡಯಲ್ ಒತ್ತಿದರು. ಎತ್ತಿದ್ದು ಬಾಳವ್ವ. ಪಂಚನಾಮೆ ಅಲ್ಲೇ ಮುಗಿಯಿತು. ದ್ರಾಕ್ಷಾಯಿಣಿಯನ್ನು ಕರೆದುಕೊಂಡು ಠಾಣೆಗೆ ಮರಳಿ ಅವರು ಮೊದಲು ಸೊಲ್ಲಾಪುರದ ಬೀಗರಿಗೆ ವಿಷಯ ತಿಳಿಸಿದರು. ಆಮೇಲೆ ವಿಚಾರಣೆ.

“ನಂಬರ್ ಎಲ್ಲಿ ಬರದಿಟ್ಟೀ?”

“ಬರದಿಲ್ಲರಿ. ಕೈಲೇ ಒತ್ತಿದ್ದು ನೆನಪ ಉಳೀತದ.”

“ಇವನ್ನ ಯಾಕ ಆರಿಸಿದಿ?”

“ಇವೆಲ್ಲಾ ಫೋನಿನ್ಯಾಗ ‘ಅವ್ವ’ ಅನ್ನೂ ಹೆಸರಿನ್ಯಾಗ ಇದ್ವರಿ. ನಾ ಸುಮ್ನಿದ್ರ ಮಗಳ ಅಂತ ತಿಳದು ಕೇಳ್ತಿದ್ರು, ಉಂಡಿಯೇನವಾ ಅಂತ. ನಮ್ಮವ್ವ ತೀರಿ ವರ್ಷ ಆತರಿ.”

ಮುರುಗೆಪ್ಪ ಬಂಧನದ ಕಾಗದಕ್ಕೆ ಸಹಿ ಹಾಕಿ, ಹೇಳಿಕೆ ಬರೆದುಕೊಳ್ಳುತ್ತಿದ್ದ ಚಿನ್ಮಯೀ ಕಡೆ ತಿರುಗಿದರು.

“ನೋಡವಾ, ಉಂಡಿಯೇನು ಅನ್ನಿಸ್ಕೊಳ್ಳಾಕ ಯಾರರ ಮಂದಿ ಮನಿಗೆ ಫೋನ್ ಹಚ್ತಾರೇನು?”

ಚಿನ್ಮಯೀ ಪೆನ್ನು ಕೆಳಗಿಟ್ಟಳು.

“ನಾ ಈ ಠಾಣೇಕ ಬಂದು ಆರು ತಿಂಗಳಾತರಿ ಸರ್. ನನ್ನೂ ಯಾರೂ ಕೇಳಿಲ್ಲ.”