ನಾಲ್ಕೆಳೆ ಜಡೆ

“ಲೇ ಓಬಿ, ನಿನಗೆ ಈ ಜಡೆ ಹಾಕ್ದೋಳು ಯಾರೇ?” ಎಂದು ಮಗಳ ರಟ್ಟೆ ಹಿಡಿದೆ. ಬೆಳಗ್ಗೆ ನಾನು ಹಾಕಿದ್ದು ಮೂರೆಳೆ. ಇದು ನಾಲ್ಕೆಳೆ, ನನಗೆ ಬಾರದ್ದು.

“ಶಾಲೆ ಅಕ್ಕ. ಕೆರೇಲಿ ಮುಳುಗಿ ಸತ್ಲಲ್ಲ, ಅವ್ಳೇ. ಕುರಿನಾತ ಅಂತ ಎಲ್ರೂ ಜಡೆ ಎಳೀತಿದ್ರಲ್ಲ, ಈಗ ಮುಟ್ಟಾಕೂ ಹೆದರ್ತಾರೆ.”

ಈಚೆಗೆ ಓಬಿ ಪಕ್ಕ ಯಾರೂ ಕೂರುವುದಿಲ್ಲ ಎಂದು ಮೇಷ್ಟ್ರೇ ಹೇಳಿದ್ದರು. ಆದರೂ ನನಗೆ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಹೆತ್ತವಳು ನಾನೋ, ಅವಳೋ? ಜಡೆ ಬಿಚ್ಚಿ ಹಾಕಿದೆ. ಮಟಮಟ ಮಧ್ಯಾಹ್ನದಲ್ಲೂ ಕೂದಲು ಕೆರೆಯ ಕೆಸರಿನಂತೆ ತಣ್ಣಗಿತ್ತು.

“ಅತ್ಕೊಂಡು ಬಂದಾಗ ಸುಮ್ನಿರು ಅಂದೆ ನೀನು. ಅವ್ಳು ಕರೀದೇನೇ ಬಂದ್ಲು,” ಎಂದು ಓಬಿ ಮತ್ತೆ ಶಾಲೆ ಕಡೆ ಹೊರಟಳು.

ಅಂಗಳದಲ್ಲಿ ಅವಳೊಬ್ಬಳೇ ಇದ್ದಳು, ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದಳು. ಬೇಲಿ ದಾಟುವಷ್ಟರಲ್ಲಿ ಅವಳ ಬೆನ್ನ ಮೇಲೆ ನಾಲ್ಕೆಳೆ ಜಡೆ ಬಿಗಿಯಾಗಿ ಹೆಣೆದುಕೊಂಡಿತ್ತು. ಮತ್ತೆ ಓಬಿ ಮನೆಗೆ ಬರಲಿಲ್ಲ.