ಮೂಲೆ ಮುರಿದ ಮಸಿಗಾಜು

ಬೆಳಿಗ್ಗೆ 10.20ಕ್ಕೆ ಬಂದ ದೂರು ಅಂಥಿಂಥದ್ದಲ್ಲ. ಆ ಠಾಣೆಗೆ ಮೊದಲ ಇಟ್ಟಿಗೆ ಇಟ್ಟ ದಿನದಿಂದ ಅಂಥದ್ದು ಬಂದಿರಲಿಲ್ಲ. ಅರವತ್ತು ವರ್ಷದ ಹಿಂದೆ ಸೂರ್ಯಗ್ರಹಣ ನೋಡಲು ಇಡೀ ನಗರವೇ ಬೀದಿಗಿಳಿದು ಕತ್ತೆತ್ತಿ ನಿಂತಿತ್ತಲ್ಲ, ಆ ಜನಸಾಗರದ ಏಕೈಕ ಫೋಟೋ ಕಳುವಾಗಿತ್ತು. ಪ್ರದರ್ಶನ ಅಂದೇ ಸಂಜೆ ಐದಕ್ಕೆ.

"ಅದು ಗೋಡೆ ಮೇಲಿಲ್ಲ ಅಂದ್ರೆ ನನ್ನ ಕೆಲಸ ಹೋದ ಹಾಗೇ ಸಾರ್," ಎಂದರು ದೂರು ತಂದ ಚಿತ್ರಸಂಗ್ರಹಾಲಯದ ಮೇಡಂ.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಜೀಪು ಹತ್ತಿದ ರಭಸಕ್ಕೆ ರಸ್ತೆಯೇ ಎರಡು ಮಾರು ಹಿಂದೆ ಸರಿಯಿತು. 10.45ಕ್ಕೆ ಪಂಚನಾಮೆ. ಫ್ರೇಮು ಗೋಡೆಯಲ್ಲೇ ಇತ್ತು, ಒಳಗೆ ಫೋಟೋ ಇರಲಿಲ್ಲ. ತಿರುಗಿಸಿ ನೋಡಿದರೆ ಹಿಂದೆ ಹನ್ನೆರಡು ಮೊಳೆ, ದಾರ ಹಿಡಿದಂತೆ ಸಾಲಾಗಿ. ಮೇಲೆ ಸುಕ್ಕಿಲ್ಲದ ಕಂದು ಕಾಗದ. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

"ಕಳ್ಳ ಬಲು ಅಚ್ಚುಕಟ್ಟು ಸಾರ್," ಎಂದರು ಗುಬ್ಬಿ ಗೂಡು ಕಟ್ಟುವಷ್ಟು ಮೀಸೆಯಿದ್ದ ಹೆಡ್ ಕಾನ್‌ಸ್ಟೇಬಲ್.

"ಕದ್ದು ಓಡೋನು ಮೊಳೆ ಹೊಡೀತಾ ಕೂರ್ತಾನೇನ್ರೀ? ಬಿಚ್ಚಿದ ಫ್ರೇಮು ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರದೋನ ಕೆಲಸ ಇದು."

ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದ್ದ ಬೆರಳುದ್ದದ ಪ್ರತಿಯ ಮೇಲೆ ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದರು. ಕೋಟಿ ಮುಖಗಳು, ಎಲ್ಲಕ್ಕೂ ಮಸಿ ಹಿಡಿಸಿದ ಗಾಜಿನ ಮರೆ. ಒಬ್ಬಾಕೆ ಮಾತ್ರ ತನ್ನ ಗಾಜನ್ನು ಕಂಕುಳ ಕೂಸಿನ ಕಣ್ಣಿಗೆ ಹಿಡಿದಿದ್ದಳು. ಸಾಸಿವೆ ಕಾಳಿನಷ್ಟು ಬರಿ ಮುಖ. ಗಾಜಿನ ಮೂಲೆ ಮುರಿದಿತ್ತು.

11.30. ಫ್ರೇಮು ಕಟ್ಟಿಕೊಟ್ಟವನ ಅಂಗಡಿ. ಅರವತ್ತು ದಾಟಿದ ಮನುಷ್ಯ ಅಂಟಿನ ಡಬ್ಬಿ ಮುಚ್ಚಿ ಎದ್ದು ನಿಂತ. ಅವನ ಹಿಂದಿನ ಗೂಡಿನಲ್ಲೊಂದು ಮಸಿಗಾಜು. ಮೂಲೆ ಮುರಿದಿತ್ತು. ಇನ್ಸ್‌ಪೆಕ್ಟರರ ಎದೆಬಡಿತ ಪಕ್ಕದ ಬೀದಿಗೂ ಕೇಳಿಸಿತು.

"ಇದೆಲ್ಲಿಂದ ಬಂತು?"

"ಮನೇದೇ ಸಾರ್. 'ನಿಮ್ಮಮ್ಮ ನಿನಗೆ ಗ್ರಹಣ ತೋರಿಸಿದ ಗಾಜು' ಅಂತ ನನ್ನ ಸಾಕಿದ ಅಜ್ಜಿ ಕೊಟ್ರು."

"ಫೋಟೋ?"

ಅವನು ಒಳಕೋಣೆಯ ಬಾಗಿಲು ಸರಿಸಿದ. ಮಂಚದ ಎದುರಿಗೇ ತೂಗುಹಾಕಿದ್ದ.

"ಕೇಳಿದ್ರೆ ಮೇಡಂ ಒಂದು ಪ್ರತಿ ಮಾಡಿಸಿ ಕೊಡ್ತಿರಲಿಲ್ವಾ?"

"ಕೇಳೋಣ ಅಂತಲೇ ಇದ್ದೆ ಸಾರ್. ಫ್ರೇಮಿಗೆ ಹಾಕುವಾಗ ಈ ಗಾಜು ಕಾಣಿಸ್ತು, ಮುಖ ನೋಡಿಬಿಟ್ಟೆ. ನಿನ್ನೆ ಗೋಡೆಗೆ ತೂಗುಹಾಕೋಕೆ ಹೋದಾಗ, ಒಂದು ರಾತ್ರಿಯಾದ್ರೂ ಅಮ್ಮ ಮನೇಲಿರಲಿ ಅನ್ನಿಸ್ತು."

ಬಂಧನ 11.50ಕ್ಕೆ. ಫೋಟೋ ಬಿಡಿಸಿಕೊಳ್ಳಲು ನ್ಯಾಯಾಲಯದ ಅಪ್ಪಣೆ ಪಡೆದು ಮೇಡಂ ಓಡಿ ಬಂದ ವೇಗಕ್ಕೆ ಗಾಳಿಯೂ ಏದುಸಿರು ಬಿಟ್ಟಿತು. 4.52ಕ್ಕೆ ಚಿತ್ರ ಗೋಡೆ ಮೇಲಿತ್ತು.

ರಾತ್ರಿ ಕಡತದಲ್ಲಿ 'ಕೃತ್ಯದ ಉದ್ದೇಶ' ಎಂಬ ಜಾಗ ಖಾಲಿ ಉಳಿದಿತ್ತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಬರೆದರು: ಆರೋಪಿ ಗ್ರಹಣ ನೋಡಿದ್ದ. ತಾಯಿಯನ್ನು ನೋಡಿದ ನೆನಪಿರಲಿಲ್ಲ.